ಬಾತಿಗೆ ಯಾವ ಕೋವಿ?

ಮಲೆನಾಡಿನ ಹಳೆಯ ಮನೆಗಳಲ್ಲಿ ಕೋವಿಗೆ ಎರಡು ಜಾತಿ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಮೊದಲನೆಯದಕ್ಕೆ ಬಾಯಿಯಿಂದ ಮದ್ದು, ನಾರು, ಚರೆ ತುಂಬಿ ಗಜದಿಂದ ಜಡಿಯಬೇಕು, ಹಿಂದುಗಡೆ ಕೇಪು ಕೂರಿಸಬೇಕು. ಎರಡನೆಯದನ್ನು ನಡುವಿನಲ್ಲಿ ಬಗ್ಗಿಸಿ, ಸಿದ್ಧವಾಗಿ ಬಂದ ತೋಟೆಯನ್ನು ಹಿಂದಿನಿಂದ ಹಾಕಿ ಮುಚ್ಚಿದರೆ ಮುಗಿಯಿತು. ಪುಣೆಯ ಮರಾಠಿಯಲ್ಲೂ ಮೊದಲನೆಯದರ ಹೆಸರು ‘ಠಾಸಣೀಚೀ ಬಂದೂಕ್’, ಅಂದರೆ ಜಡಿಯುವ ಬಂದೂಕು. ಯಾರು ಮಾಡಿದ್ದು, ಎಷ್ಟು ಕೊಟ್ಟು ತಂದದ್ದು ಎಂಬುದನ್ನು ಜನ ಹೆಸರಿನಲ್ಲಿ ಇಡಲಿಲ್ಲ. ಅದು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂಬುದನ್ನು ಇಟ್ಟರು.

‘ಬಂದೂಕು’ ಎಂಬ ಮಾತಿನ ಹುಟ್ಟೂ ಹೀಗೆಯೇ. ಅರಬ್ಬಿಯಲ್ಲಿ ‘ಬುಂದುಕ್’ ಎಂದರೆ ಒಂದು ಬಗೆಯ ಗುಂಡನೆಯ ಕಾಯಿ. ಆಮೇಲೆ ಅದೇ ಗಾತ್ರದ ಮಣ್ಣಿನ ಗೋಲಿಗೂ ಅದೇ ಹೆಸರು ಬಂತು. ಮದ್ದು ಬರುವುದಕ್ಕೆ ಮುಂಚೆ, ಬಿಲ್ಲಿನಿಂದ ಈ ಗೋಲಿ ಹಾರಿಸಿ ಹಕ್ಕಿ ಹೊಡೆಯುವುದು ಬಾಗ್ದಾದಿನ ದೊಡ್ಡವರ ಆಟವಾಗಿತ್ತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಖಲೀಫ ಅಲ್-ನಾಸಿರ್ ಈ ಆಟಕ್ಕೆ ಕಟ್ಟುಪಾಡುಗಳನ್ನೇ ಹಾಕಿ, ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿದ್ದ. ಹೊಡೆಯಬೇಕಾದ ಹಕ್ಕಿಗಳ ಪಟ್ಟಿಯಲ್ಲಿ ಹೆಚ್ಚಿನವು ನೀರ ಹಕ್ಕಿಗಳು. ಗೋಲಿಯ ಹೆಸರು ಆಮೇಲೆ ಅದನ್ನು ಹಾರಿಸುವ ಉಪಕರಣಕ್ಕೆ ಅಂಟಿತು. ಇತ್ತ ಕನ್ನಡದ ‘ಕೋವಿ’ ಎಂದರೆ ಮೂಲದಲ್ಲಿ ಕೊಳವೆ. ‘ತುಪಾಕಿ’ಯ ಹಿಂದಿರುವ ಪರ್ಷಿಯನ್ ಮಾತು ಬಾಯಿಂದ ಊದಿ ಗೋಲಿ ಹಾರಿಸುವ ನಳಿಗೆಯನ್ನು ಸೂಚಿಸುತ್ತಿತ್ತು.

ಹೀಗೆ ಒಂದು ಮಾತು ಗೋಲಿಯ ಕಡೆಯಿಂದ ಬಂತು, ಎರಡು ಮಾತು ಕೊಳವೆಯ ಕಡೆಯಿಂದ ಬಂದವು. ಕೋವಿ ಕೊಳ್ಳಲು ಹೊರಟವನ ಕಣ್ಣು ಸಹಜವಾಗಿ ಕೊಳವೆಯ ಮೇಲಿರುತ್ತದೆ: ಉಕ್ಕು ಎಂಥದ್ದು, ಕುಂದದ ಮರ ಯಾವುದು, ಬೆಲೆ ಎಷ್ಟು. ಆದರೆ ಪುಣೆಯ ಸುತ್ತಿನ ಕೆರೆಗಳಲ್ಲಿ ನೂರು ವರ್ಷ ನಡೆದ ಬಾತಿನ ಬೇಟೆಯ ಕತೆಯನ್ನು ನೋಡಿದರೆ, ಯಾವ ಕೋವಿ ಅಗ್ಗ, ಯಾವುದು ನಂಬಿಕಸ್ತ ಎಂಬುದನ್ನು ತೀರ್ಮಾನಿಸಿದ್ದು ಗೋಲಿ. ಗೋಲಿ ಯಾರ ಕೈಯಲ್ಲಿತ್ತೋ ಬೇಟೆಯೂ ಅವರ ಕೈಯಲ್ಲಿತ್ತು.

ಒಂದೇ ದಶಕ

1817ರ ಖಡ್ಕಿ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಸೋತ ಮೇಲೆ ಪುಣೆ ಕಂಪನಿಯ ದಂಡಿನ ಊರಾಯಿತು. ದಂಡಿನ ಜೊತೆಗೆ ಶಿಕಾರಿಯ ಶೋಕಿಯೂ ಬಂತು. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ 1820ರ ದಶಕದಲ್ಲಿ ಮುಂಬಯಿ ಸರ್ಕಾರಕ್ಕಾಗಿ ದಖ್ಖನಿನ ಅಂಕಿಅಂಶ ಕಲೆಹಾಕುತ್ತ ಊರೂರು ತಿರುಗಿದ. ಆ ತಿರುಗಾಟದಲ್ಲೇ ಹಕ್ಕಿಗಳನ್ನೂ ಸಂಗ್ರಹಿಸಿ 1832ರಲ್ಲಿ ಲಂಡನ್ನಿನಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಆ ಕಾಲದಲ್ಲಿ ಹಕ್ಕಿಯನ್ನು ದಾಖಲಿಸುವುದೆಂದರೆ ಹೊಡೆದು ಚರ್ಮ ಸುಲಿದು ಇಡುವುದು. ಅವನ ಕಾಲದ ಕೋವಿಗಳೆಲ್ಲ ಬಾಯಿಯಿಂದ ತುಂಬುವಂಥವು. ಒಂದು ಈಡು ಹಾರಿಸಿ ಮತ್ತೆ ಮದ್ದು ಜಡಿಯುವ ಹೊತ್ತಿಗೆ ಕೆರೆಯ ಬಾತೆಲ್ಲ ಮುಂದಿನ ಊರು ಸೇರಿರುತ್ತಿತ್ತು.

ಚಿತ್ರ ಬದಲಾದದ್ದು 1869ರಿಂದ 1879ರ ನಡುವಿನ ಹತ್ತು ವರ್ಷಗಳಲ್ಲಿ. 1869ರಲ್ಲಿ ಖಡ್ಕಿಯಲ್ಲಿ ಸೈನ್ಯಕ್ಕಾಗಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಬ್ರಿಟಿಷ್ ಸೈನ್ಯ ಬಾಯಿಯಿಂದ ಜಡಿಯುವ ಕೋವಿ ಬಿಟ್ಟು, ಹಿಂದಿನಿಂದ ತೋಟೆ ಹಾಕುವ ಸ್ನೈಡರ್ ರೈಫಲ್ಲಿಗೆ ಬದಲಾಗುತ್ತಿದ್ದ ಕಾಲ ಅದು. ತೋಟೆಯನ್ನು ಸಿಪಾಯಿ ತಾನೇ ಮಾಡಿಕೊಳ್ಳುವಂತಿರಲಿಲ್ಲ, ಕಾರ್ಖಾನೆಯೇ ಕೊಡಬೇಕಿತ್ತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಹೊಸ ಬಗೆಯ ಸರಳ ಜೋಡಿನಳಿಗೆ ಕೋವಿಗೆ ಪೇಟೆಂಟ್ ಪಡೆದರು. 1878ರಲ್ಲಿ ಜೇಮ್ಸ್ ಡೇವಿಡ್ಸನ್ ಮತ್ತು ವೆಂಡೆನ್ ದಖ್ಖನಿನ ಹಕ್ಕಿಗಳ ಬಗ್ಗೆ ಹೊಸ ಪಟ್ಟಿ ಬರೆದರು. ಈ ಡೇವಿಡ್ಸನ್ನನೇ ಮುಂದೆ ಕಾರವಾರದ ಕಡೆ ಬಂದು ಉತ್ತರ ಕನ್ನಡದ ಹಕ್ಕಿಗಳ ಬಗ್ಗೆಯೂ ಬರೆದ. 1879ರಲ್ಲಿ ಹ್ಯೂಮ್ ಮತ್ತು ಮಾರ್ಷಲ್ಲರ ಬೇಟೆಹಕ್ಕಿಗಳ ಮೂರು ಸಂಪುಟಗಳು ಬರತೊಡಗಿದವು. ಆರು ವರ್ಷದ ನಂತರ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್. ಅದೇ ಹೊತ್ತಿಗೆ ಪುಣೆ ಮತ್ತು ಖಡ್ಕಿಗೆ ನೀರು ಕೊಡಲೆಂದು ಮುಠಾ ನದಿಗೆ ಅಡ್ಡಲಾಗಿ ಖಡಕವಾಸಲಾ ಅಣೆಕಟ್ಟು ಎದ್ದು, ಅದರ ಹಿಂದೆ ನಿಂತ ನೀರಿಗೆ ಎಂಜಿನಿಯರ್ ಫೈಫ್‌ನ ಹೆಸರಿಟ್ಟರು. ನೀರು ನಿಂತಲ್ಲಿ ಚಳಿಗಾಲಕ್ಕೆ ಬಾತು ಇಳಿಯುತ್ತದೆ.

ಕೆರೆ, ಪುಸ್ತಕ, ಕೋವಿ, ತೋಟೆಯ ಕಾರ್ಖಾನೆ ಎಲ್ಲವೂ ಒಟ್ಟಿಗೆ ಬಂದವು. ಅವುಗಳ ಜೊತೆಗೆ ಇನ್ನೊಂದೂ ಬಂತು: 1878ರ ಶಸ್ತ್ರ ಕಾಯ್ದೆ.

ಹಲಗಲಿಯಿಂದ ಪರವಾನಗಿಯವರೆಗೆ

ಆ ಕಾಯ್ದೆಯ ಹಿಂದಿನ ಕತೆ ಕನ್ನಡಿಗರಿಗೆ ಲಾವಣಿಯಾಗಿ ಗೊತ್ತು. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಕುಲಕಸುಬಾದವರಿಗೆ ಆಯುಧ ಕೊಡುವುದೆಂದರೆ ಹೊಟ್ಟೆಪಾಡೂ ಮಾನವೂ ಒಟ್ಟಿಗೆ ಹೋದಂತೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕಿಬಿದ್ದ ಹಲವರನ್ನು ಗಲ್ಲಿಗೆ ಹಾಕಿದರು. ಕೋವಿಯನ್ನು ಮನೆಮನೆಯಿಂದ ಕಿತ್ತುಕೊಳ್ಳುವುದು ಎಷ್ಟು ದುಬಾರಿ ಎಂಬುದನ್ನು ಸರ್ಕಾರ ಅಲ್ಲಿ ಕಂಡಿತು.

ನಾಲ್ಕೇ ವರ್ಷದಲ್ಲಿ ಕೊಡಗಿನಲ್ಲಿ ಇದೇ ಸರ್ಕಾರ ಬೇರೆ ರೀತಿ ನಡೆದುಕೊಂಡಿತು. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ನವೀಕರಣಗೊಂಡಿತು. ಒಂದೇ ನಾಡಿನ ಎರಡು ಮೂಲೆಗಳಲ್ಲಿ ಒಂದು ಕಡೆ ಕೋವಿಗೆ ನೇಣು, ಇನ್ನೊಂದು ಕಡೆ ಕೋವಿಗೆ ಪೂಜೆ. ಕೋವಿ ಯಾರ ಹೆಗಲ ಮೇಲಿದೆ ಎಂಬುದೇ ಸರ್ಕಾರದ ಪ್ರಶ್ನೆಯಾಗಿತ್ತು.

1878ರ ಕಾಯ್ದೆ ಇದೇ ಪ್ರಶ್ನೆಯನ್ನು ಬರಹಕ್ಕಿಳಿಸಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ. ಪುಣೆ ದಂಡುಪ್ರದೇಶದ ಲೆಫ್ಟಿನೆಂಟ್ ಭಾನುವಾರ ಬೆಳಿಗ್ಗೆ ಕೋವಿ ಎತ್ತಿಕೊಂಡು ಫೈಫ್ ಕೆರೆಗೆ ಹೊರಡಬಹುದಿತ್ತು. ಊರಿನ ವಕೀಲನೋ ಇನಾಂದಾರನೋ ಅದೇ ಕೆರೆಗೆ ಹೋಗಬೇಕಾದರೆ ಮೊದಲು ಕಲೆಕ್ಟರ್ ಕಚೇರಿಯ ಮೆಟ್ಟಿಲು ಹತ್ತಬೇಕು. ಜನಾಂಗದ ಹೆಸರಿನ ಈ ಭೇದ ನಿಯಮಗಳಿಂದ ಹೋದದ್ದು 1920ರಲ್ಲಿ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು 1956ರವರೆಗೂ ಮುಂಬಯಿಯ ಆಡಳಿತದಲ್ಲೇ ಇದ್ದುದರಿಂದ, ಪುಣೆಯ ಅರ್ಜಿದಾರನಿಗೂ ಧಾರವಾಡದ ಅರ್ಜಿದಾರನಿಗೂ ಅದೇ ಸರ್ಕಾರ, ಅದೇ ನಿಯಮ.

ಪರವಾನಗಿಯಲ್ಲಿ ಕೋವಿಯ ವಿವರದ ಜೊತೆಗೆ ಮುಂದೆ ಇನ್ನೊಂದು ಸಾಲು ಸೇರಿತು: ಒಮ್ಮೆಗೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು. ಕೇಪಿನ ಕೋವಿಯ ಮದ್ದನ್ನು ಹಳ್ಳಿಯಲ್ಲೇ ಕುಟ್ಟಬಹುದಿತ್ತು, ಸೀಸ ಕರಗಿಸಿ ಚರೆ ಮಾಡಿಕೊಳ್ಳಬಹುದಿತ್ತು. ಕಾರ್ಖಾನೆಯ ತೋಟೆ ಹಾಗಲ್ಲ. ಅಂಗಡಿಯವನು ಅದನ್ನು ಎಣಿಸಿ ಕೊಡುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ. ಊರಿಗೆ ಬೆಂಕಿ ಇಡದೆಯೂ ಲೆಕ್ಕ ಇಡಲು ಬರುತ್ತದೆ.

ಕೊಳವೆಯ ಆಯ್ಕೆ

ಪರವಾನಗಿ ಸಿಕ್ಕಿತೆನ್ನಿ. ಚಳಿಗಾಲದ ಬಾತಿಗೆ ಯಾವ ಕೋವಿ ಕೊಳ್ಳಬೇಕು?

ಅಂಗಡಿಯಲ್ಲಿ ಮೊದಲು ಕೇಳುವ ಮಾತು ‘ಬೋರು’. ಹನ್ನೆರಡು ಬೋರು, ಹದಿನಾರು, ಇಪ್ಪತ್ತು. ಸಂಖ್ಯೆ ಏರಿದಂತೆ ನಳಿಗೆ ಸಣ್ಣದಾಗುತ್ತದೆ ಎಂಬುದು ಹೊಸಬನಿಗೆ ಗೊಂದಲ. ಇದರ ಲೆಕ್ಕ ಕೊಳವೆಯಿಂದ ಶುರುವಾಗುವುದಿಲ್ಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೋ ಅದು ಹನ್ನೆರಡು ಬೋರು, ಅಡ್ಡಳತೆ ಸುಮಾರು 18.5 ಮಿ.ಮೀ. ಇಪ್ಪತ್ತು ಗುಂಡು ಮಾಡಿದರೆ ಗುಂಡು ಸಣ್ಣದು, ನಳಿಗೆಯೂ ಸಣ್ಣದು, ಸುಮಾರು 15.6 ಮಿ.ಮೀ. ಇಂಗ್ಲಿಷರೂ ಕೋವಿಗೆ ಗುಂಡಿನಿಂದಲೇ ಹೆಸರಿಟ್ಟಿದ್ದರು.

ಬಾತಿಗೆ ಕೋವಿ ಆರಿಸುವುದು ಕಷ್ಟ, ಏಕೆಂದರೆ ಬಾತು ಗಟ್ಟಿ ಹಕ್ಕಿ. ದಪ್ಪ ಗರಿ, ಅದರಡಿಯಲ್ಲಿ ತುಪ್ಪಳ, ಎದೆಯ ಮೇಲೆ ದಪ್ಪ ಮಾಂಸ. ಗೌಜಲಹಕ್ಕಿಗೆ ಸಾಕಾಗುವ ಸಣ್ಣ ಚರೆ ಸೂಜಿಬಾಲದ ಬಾತನ್ನು ಗಾಯಗೊಳಿಸುತ್ತದೆ, ಕೊಲ್ಲುವುದಿಲ್ಲ. ಅದಕ್ಕೇ ನಾಲ್ಕನೇ ನಂಬರಿನ ಚರೆ, ಅಂದರೆ ಸುಮಾರು 3 ಮಿ.ಮೀ. ದಪ್ಪದ್ದು. ಮಾಮೂಲಿ ಹನ್ನೆರಡು ಬೋರಿನ ತೋಟೆಯಲ್ಲಿ ಸುಮಾರು 30 ಗ್ರಾಂ ಚರೆ ಹಿಡಿಸುತ್ತದೆ. ನಾಲ್ಕನೇ ನಂಬರಾದರೆ ಸುಮಾರು 180 ಕಾಳು, ಆರನೇ ನಂಬರಾದರೆ ಸುಮಾರು 285. ಕಾಳು ಹೆಚ್ಚಾದರೆ ಬಲೆ ದಟ್ಟ, ಪೆಟ್ಟು ಹಗುರ. ಕಾಳು ದಪ್ಪವಾದರೆ ಪೆಟ್ಟು ಬಲ, ಬಲೆಯಲ್ಲಿ ಕಂಡಿ. ಹೆಬ್ಬಾತಿಗೆ ಇನ್ನೂ ದಪ್ಪ ಚರೆ ಬೇಕು.

ಆ ಬಲೆಯನ್ನು ಬಿಗಿಯುವುದು ನಳಿಗೆಯ ತುದಿಯ ಇಕ್ಕಟ್ಟು. ಕೋವಿಯವರ ಮಾತಿನಲ್ಲಿ ‘ಚೋಕ್’. ಇದೂ 1860-70ರ ದಶಕಗಳ ಕೊಡುಗೆ. ಪೂರ್ತಿ ಚೋಕ್ ಇರುವ ನಳಿಗೆ 40 ಗಜ ದೂರದಲ್ಲಿ, 30 ಅಂಗುಲ ಅಗಲದ ವೃತ್ತದೊಳಗೆ ನೂರಕ್ಕೆ 70ರಷ್ಟು ಕಾಳು ಹಾಕುತ್ತದೆ. ಇಕ್ಕಟ್ಟೇ ಇಲ್ಲದ ನಳಿಗೆ ಹಾಕುವುದು 40ರಷ್ಟು. 180 ಕಾಳಿನ ಲೆಕ್ಕದಲ್ಲಿ ಒಂದು ಕಡೆ ಸುಮಾರು 126, ಇನ್ನೊಂದು ಕಡೆ 72. ಅದಕ್ಕಾಗಿ ಜೋಡಿನಳಿಗೆಯಲ್ಲಿ ಬಲನಳಿಗೆ ಸಡಿಲ, ಎಡನಳಿಗೆ ಬಿಗಿ. ಹತ್ತಿರದಿಂದ ಏಳುವ ಹಕ್ಕಿಗೆ ಮೊದಲ ಈಡು, ದೂರ ಸರಿದದ್ದಕ್ಕೆ ಎರಡನೆಯದು. 40 ಗಜದಾಚೆಗೆ ಯಾವ ನಳಿಗೆಯಾದರೂ ಹಕ್ಕಿಯ ಹಣೆಬರಹಕ್ಕೆ ಬಿಟ್ಟದ್ದು.

ಬೆಲೆಯ ಮಾತಿಗೆ ಬಂದರೆ ಮೂರು ಮೆಟ್ಟಿಲುಗಳಿದ್ದವು. ಮೇಲಿನದು ಲಂಡನ್ನಿನ ಕೋವಿ. ಅಳತೆ ಕೊಟ್ಟು ಹೊಲಿಸಿದ ಕೋಟಿನ ಹಾಗೆ, ರಾಜಮಹಾರಾಜರಿಗೆ. ನಡುವಿನದು ಬರ್ಮಿಂಗ್‌ಹ್ಯಾಮಿನ ಆನ್ಸನ್-ಡೀಲಿ ಮಾದರಿ. ಲಂಡನ್ ಕೋವಿಯ ಯಂತ್ರ ಪಕ್ಕದ ತಗಡುಗಳ ಮೇಲೆ ಕೂತಿದ್ದರೆ, ಇದರಲ್ಲಿ ಕೆಲವೇ ಬಿಡಿಭಾಗಗಳು ನಳಿಗೆಯ ಹಿಂದಿನ ಪೆಟ್ಟಿಗೆಯೊಳಗೆ ಅಡಗಿದ್ದವು. ಭಾಗ ಕಡಿಮೆ, ಕೆಲಸ ಕಡಿಮೆ, ಕೆಡುವುದೂ ಕಡಿಮೆ. ಅಗ್ಗವೂ ನಂಬಿಕಸ್ತವೂ ಆದ ಕೋವಿ ಎಂದು ಲೋಕವೆಲ್ಲ ಒಪ್ಪಿದ್ದು ಇದನ್ನೇ. ಕೆಳಗಿನದು ಬೆಲ್ಜಿಯಂನ ಲೀಜ್ ಊರಿನಿಂದ ಬರುತ್ತಿದ್ದ ಅಗ್ಗದ ಕೋವಿಗಳು, ಕೆಲವಕ್ಕೆ ಹೊರಗೆ ಕಾಣುವ ಸುತ್ತಿಗೆಗಳು. ಸುತ್ತಿಗೆ ಎಳೆಯದಿದ್ದರೆ ಈಡು ಹಾರುವುದಿಲ್ಲ, ಮುರಿದರೆ ಊರಿನ ಕಮ್ಮಾರನೂ ಸರಿಮಾಡಿಕೊಟ್ಟಾನು. 1891ರಲ್ಲಿ ಮುಂಬಯಿಯಲ್ಲಿ ಬಾಗಿಲು ತೆರೆದ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಇಂಥ ಎಲ್ಲ ದರ್ಜೆಯ ಗಿರಾಕಿಗೂ ಪಟ್ಟಿ ಕಳಿಸುತ್ತಿತ್ತು.

ಹೆಚ್ಚಿನವರು ಕೊಂಡದ್ದು ಹಳೆಯದನ್ನೇ, ವರ್ಗವಾಗಿ ಊರಿಗೆ ಮರಳುವ ಸಾಹೇಬ ಮಾರಿದ್ದನ್ನು. ಅಲ್ಲಿ ನೋಡಬೇಕಾದದ್ದು ಬೇರೆ. ನಳಿಗೆಗಳನ್ನು ಬಿಚ್ಚಿ, ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಮಂಕು ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿದೆ ಎಂದರ್ಥ. ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಉಂಗುರಗಳು ನೇರವಾಗಿ ಕಾಣಬೇಕು. ತುಕ್ಕು ತಿಂದ ಕುಳಿಗಳಿದ್ದರೆ, ಡೊಂಕಿದ್ದರೆ ಬೇಡ. ಮುಂಗೈ ಮರ ತೆಗೆದು ಮುಚ್ಚಿದ ಕೋವಿಯನ್ನು ಅಲುಗಿಸಿದರೆ ಗಡಗಡ ಎನ್ನಬಾರದು. ಕಡೆಗೆ, ನಳಿಗೆಯ ಕೆಳಗಿನ ಸಣ್ಣ ಮುದ್ರೆಗಳು. ಹಾವಿನ ಚರ್ಮದ ಹಾಗೆ ಸುರುಳಿ ಕಾಣುವ ಡಮಾಸ್ಕಸ್ ನಳಿಗೆ ನೋಡಲು ಚೆಂದ. ಅಂಥವು ಹೆಚ್ಚಾಗಿ ಕರಿಮದ್ದಿಗೆಂದು ಪರೀಕ್ಷೆ ಆದವು. 1890ರ ದಶಕದ ನಂತರ ಬಂದ ಹೊಗೆಯಿಲ್ಲದ ಮದ್ದಿನ ತೋಟೆಯನ್ನು ಅದಕ್ಕೆ ಹಾಕಿದರೆ ನಳಿಗೆ ಸೀಳಿ ಎಡಗೈ ಹೋಗುವ ಸಂಭವ. 65 ಮಿ.ಮೀ. ತೋಟೆಗೆ ಕೊರೆದ ಕೋಣೆಗೆ 70 ಮಿ.ಮೀ. ತೋಟೆ ಹಾಕುವುದೂ ಅಪಾಯ. ಅದು ಒಳಗೆ ಕೂರುತ್ತದೆ. ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಕೋವಿ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಹೀಗೆ ಪ್ರತಿಸಲವೂ ಯಾವ ತೋಟೆಗೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ತೋಟೆಯ ತೀರ್ಪು

ಹದಿನಾರು ಬೋರು ಹನ್ನೆರಡಕ್ಕಿಂತ ಹಗುರ, ದಿನವಿಡೀ ಕೆರೆಯ ಏರಿ ಮೇಲೆ ನಡೆಯುವವನಿಗೆ ಹಿತ. ಯುರೋಪಿನಲ್ಲಿ ಅದನ್ನು ಮೆಚ್ಚಿದವರು ಬಹಳ. ಇಪ್ಪತ್ತು ಬೋರು ಇನ್ನೂ ಹಗುರ. ಭಾರತದಲ್ಲಿ ಮಾತ್ರ ಎರಡೂ ಸೋತವು. ಬಾತಿಗೆ ಬೇಕಾದಷ್ಟು ಚರೆ ಹನ್ನೆರಡರಲ್ಲಿ ಹೆಚ್ಚು ಹಿಡಿಸುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಇನ್ನೊಂದಿತ್ತು. ಅಹಮದನಗರದಲ್ಲೋ ಗದಗಿನಲ್ಲೋ ತೋಟೆ ಮುಗಿದರೆ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚಿದ್ದದ್ದು ಹನ್ನೆರಡರದ್ದು. ಸಿಗುತ್ತದೆ ಎಂದು ಜನ ಕೊಂಡರು, ಜನ ಕೊಳ್ಳುತ್ತಾರೆ ಎಂದು ಅಂಗಡಿಯವನು ತರಿಸಿದ. ತೋಟೆಯಿಲ್ಲದ ಹದಿನಾರು ಬೋರು ಎಷ್ಟೇ ಒಳ್ಳೆಯದಾದರೂ ಗೋಡೆಯ ಮೇಲಿನ ಅಲಂಕಾರ.

ತೋಟೆಗಳು ಬರುತ್ತಿದ್ದದ್ದು ಹಡಗಿನಲ್ಲಿ. ಲಂಡನ್ನಿನ ಈಲಿ, ಬರ್ಮಿಂಗ್‌ಹ್ಯಾಮಿನ ಕೈನಾಕ್ ಹೆಸರಾದ ಕಂಪನಿಗಳು. ಹಿತ್ತಾಳೆಯ ತಳ, ಮೇಲೆ ಕಾಗದದ ಕೊಳವೆ. ಇಂಗ್ಲೆಂಡಿನ ಚಳಿಗೆ ಹೊಂದಿದ ಆ ಕಾಗದ ಇಲ್ಲಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತಿತ್ತು. ಉಬ್ಬಿದ ತೋಟೆ ನಳಿಗೆಯೊಳಗೆ ಹೋಗದು. ಬಲವಂತವಾಗಿ ತುರುಕಿ ಹಾರಿಸಿದರೆ ಹೊರಗೆ ಬಾರದು. ಬಾತು ಬರುವುದು ಚಳಿಗಾಲಕ್ಕಾದರೂ ತೋಟೆ ಮಳೆಗಾಲ ದಾಟಿಯೇ ಚಳಿಗಾಲ ಕಾಣಬೇಕಿತ್ತು. ಈಲಿಯವರು ನೀರು ಹಿಡಿಯದ ಕಾಗದದ ತೋಟೆಯನ್ನೂ ಮಾಡಿದರು, ಬೆಲೆ ಹೆಚ್ಚು. ಕೈ ಬಿಗಿಯಿದ್ದವರು ಪೂರ್ತಿ ಹಿತ್ತಾಳೆಯ ತೋಟೆ ತರಿಸಿ, ಹೊಡೆದಾದ ಮೇಲೆ ಹೊಸ ಕೇಪು, ಮದ್ದು, ಚರೆ ತುಂಬಿ ಮತ್ತೆ ಮತ್ತೆ ಬಳಸಿದರು. ತೋಟೆ ಕೋವಿಗೂ ಕೇಪಿನ ಕೋವಿಯ ಬದುಕು ತಪ್ಪಲಿಲ್ಲ.

ಇಷ್ಟೂ ಖರ್ಚು, ಕಾಗದಪತ್ರ ಯಾವುದೂ ಬೇಡದ ಬೇಟೆಗಾರರು ಅದೇ ಕೆರೆಗಳಲ್ಲಿದ್ದರು. ದೇಶದ ಹಲವು ಕಡೆ ಕಂಡ ಹಳೆಯ ಉಪಾಯವೊಂದಿದೆ. ನಾಲ್ಕಾರು ದಿನ ಖಾಲಿ ಮಡಕೆಗಳನ್ನು ನೀರಿನ ಮೇಲೆ ತೇಲಲು ಬಿಡುವುದು. ಬಾತುಗಳಿಗೆ ಅವು ರೂಢಿಯಾದ ಮೇಲೆ, ಕಣ್ಣಿಗೆ ತೂತು ಕೊರೆದ ಮಡಕೆಯನ್ನು ತಲೆಗೆ ಹಾಕಿಕೊಂಡು ಕುತ್ತಿಗೆಮಟ್ಟ ನೀರಿನಲ್ಲಿ ಮೆಲ್ಲನೆ ಸರಿದು, ಕಾಲು ಹಿಡಿದು ಒಂದೊಂದೇ ಬಾತನ್ನು ಒಳಗೆಳೆಯುವುದು. ಸದ್ದಿಲ್ಲ, ಗಾಯದ ಹಕ್ಕಿಯಿಲ್ಲ, ಬೇಕಾದಷ್ಟೇ ಬೇಟೆ. ಬಲೆ ಹಾಕುವ ಪಾರ್ಧಿಗಳನ್ನು, ಹರಣಶಿಕಾರಿಗಳನ್ನು ಸಾಹೇಬರು ಕಳ್ಳಬೇಟೆಗಾರರೆಂದು ಬೈದರು. ತಮ್ಮದಕ್ಕೆ ‘ಸ್ಪೋರ್ಟ್’ ಎಂದರು.

ಎರಡನೇ ಮಹಾಯುದ್ಧದಲ್ಲಿ ಶಿಕಾರಿ ತೋಟೆಯ ಹಡಗುಗಳು ಬಡಕಲಾದವು. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಕೊರತೆಯಲ್ಲಿ ಆಮದು ಬಿಗಿಯಾಯಿತು, ಕ್ರಮೇಣ ಬಹುಮಟ್ಟಿಗೆ ಮುಚ್ಚಿತು. 1956ರ ಕೈಗಾರಿಕಾ ನೀತಿ ಶಸ್ತ್ರಾಸ್ತ್ರವನ್ನು ಸರ್ಕಾರದ ಪಾಲಿಗೆ ಬರೆಯಿತು. ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗೆ ಹನ್ನೆರಡು ಬೋರಿನ ಒಂಟಿನಳಿಗೆ, ಜೋಡಿನಳಿಗೆ ಮಾಡಿತು. ಬಿಹಾರದ ಮುಂಗೇರದಲ್ಲಿ, ಹದಿನೆಂಟನೇ ಶತಮಾನದಲ್ಲಿ ನವಾಬ ಮೀರ್ ಕಾಸಿಂ ಕಟ್ಟಿಸಿದ ಆಯುಧಶಾಲೆಯ ಪರಂಪರೆಯ ಕುಶಲಕರ್ಮಿಗಳು ಸರ್ಕಾರ ನಿಗದಿ ಮಾಡಿದಷ್ಟೇ ಸಂಖ್ಯೆಯಲ್ಲಿ ಅದನ್ನು ಮಾಡಿದರು. ಒರಟು ಕೆಲಸ, ತೂಕ ಹೆಚ್ಚು, ಆದರೆ ಸಾಮಾನ್ಯನ ಕೈಗೆಟುಕುವ ಬೆಲೆ. ಹಳೆಯ ಇಂಗ್ಲಿಷ್ ಕೋವಿಯ ಬೆಲೆ ಮಾತ್ರ ಏರುತ್ತಲೇ ಹೋಯಿತು, ಏಕೆಂದರೆ ಅದು ಇನ್ನು ಬರುವಂತಿರಲಿಲ್ಲ.

ತೋಟೆ? ಅದು ಪುಣೆಯ ಖಡ್ಕಿಯಿಂದ. ಸೈನ್ಯಕ್ಕೆ ಗುಂಡು ಮಾಡುತ್ತಿದ್ದ ಕಾರ್ಖಾನೆಯೇ ‘ಶಕ್ತಿಮಾನ್’ ಹೆಸರಿನಲ್ಲಿ ಹನ್ನೆರಡು ಬೋರಿನ ತೋಟೆ ಮಾಡಿ ಪರವಾನಗಿ ಅಂಗಡಿಗಳಿಗೆ ಕಳಿಸಿತು. ನಾಲ್ಕನೇ ನಂಬರು ಬಾತಿಗೆ, ಎಸ್‌ಜಿ ಎಲ್‌ಜಿ ಹಂದಿಗೆ ಎಂದು ಕೊಡಗಿನಿಂದ ಕುಮಾವೋನಿನವರೆಗೆ ಎಲ್ಲರೂ ಕಲಿತರು. ಈಗ ಕೋವಿಯ ಆಯ್ಕೆಗೆ ಒಂದೇ ಸೂತ್ರ ಉಳಿಯಿತು: ಖಡ್ಕಿಯ ತೋಟೆ ಹಿಡಿಸಬೇಕು. ಹಿಡಿಸಿದರೆ ಮುಂಗೇರದ್ದೂ ಕೋವಿ, ಹಿಡಿಸದಿದ್ದರೆ ಲಂಡನ್ನಿನದ್ದೂ ಕೊಳವೆ.

ಹಕ್ಕಿಯ ಲೆಕ್ಕ

ತೋಟೆಯನ್ನು ಎಣಿಸದೆ ಹಾರಿಸಿದ ಜಾಗಗಳೂ ಇದ್ದವು. ಭರತಪುರದ ಕೇವಲಾದೇವ ಜವುಗಿನಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿಥ್‌ಗೋ ಬಂದಾಗ 39 ಕೋವಿಗಳು ಒಂದೇ ದಿನದಲ್ಲಿ 4,273 ಹಕ್ಕಿ ಉರುಳಿಸಿದವು. ಆ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಇಂದಿಗೂ ಅಲ್ಲಿ ಓದಬಹುದು. ಗಾಯಗೊಂಡು ಜೊಂಡಿನೊಳಗೆ ಸೇರಿ ಸತ್ತ ಹಕ್ಕಿಗಳ ಲೆಕ್ಕ ಆ ಕಲ್ಲಿನಲ್ಲಿಲ್ಲ. ಬಾತಿನ ಬೇಟೆಯಲ್ಲಿ ಆ ಲೆಕ್ಕ ಯಾವತ್ತೂ ಇರುತ್ತದೆ. ದೂರ ಸರಿದ ಹಿಂಡಿಗೆ ಆಸೆಯಿಂದ ಬಿಟ್ಟ ಎರಡನೇ ಈಡಿನಿಂದ ಒಂದೆರಡು ಕಾಳು ತಗುಲಿದ ಹಕ್ಕಿ ಹಾರುತ್ತಲೇ ಹೋಗುತ್ತದೆ, ಎಲ್ಲೋ ಬೀಳುತ್ತದೆ. ನಂಬಿಕಸ್ತ ಕೋವಿ ಎಂಬ ಮಾತಿಗೆ ಹಕ್ಕಿಯ ಕಡೆಯಿಂದಲೂ ಒಂದು ಅರ್ಥವಿದೆ: ಹೊಡೆದರೆ ಕೂಡಲೇ ಸಾಯಬೇಕು. 40 ಗಜದ ಮಿತಿ, ನಾಲ್ಕನೇ ನಂಬರು, ಎಡನಳಿಗೆಯ ಬಿಗಿ ಎಲ್ಲದರ ಹಿಂದೆ ಇದ್ದದ್ದು ಈ ಅರ್ಥ. ಅಗ್ಗದ ಕೋವಿ ಕೆಟ್ಟದಾಗಿದ್ದರೆ ಉಳಿದ ಬೆಲೆಯನ್ನು ಹಕ್ಕಿ ತೆತ್ತಿತು.

ಅದೇ ಕಾಲಕ್ಕೆ ಗುಲಾಬಿ ತಲೆಯ ಬಾತು ಎಂಬ ಒಂದು ಜಾತಿಯೇ ಈ ದೇಶದಿಂದ ಕಣ್ಮರೆಯಾಗುತ್ತಿತ್ತು. 1930ರ ದಶಕದ ಬಿಹಾರದ ದಾಖಲೆಗಳ ನಂತರ ಅದರ ಬಗ್ಗೆ ನಂಬಬಹುದಾದ ಸುದ್ದಿ ವಿರಳ. ಅದಕ್ಕೆ ಕೋವಿಯೊಂದೇ ಕಾರಣವಲ್ಲ, ಜವುಗು ಹೊಲವಾದದ್ದೂ ಕಾರಣ. ಆದರೂ ಅಪರೂಪದ ಹಕ್ಕಿ ಕಂಡರೆ ಮೊದಲು ಹೊಡೆದು ಆಮೇಲೆ ಹೆಸರು ಹುಡುಕುವ ಕಾಲ ಅದು.

ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾಯಿತು. 1887 ಮತ್ತು 1912ರ ಕಾಯ್ದೆಗಳು ಬೇಟೆಗೆ ಋತುವಿನ ಬೇಲಿ ಹಾಕಿದವು. 1951ರ ಮುಂಬಯಿ ಕಾಯ್ದೆ ಪುಣೆಗೂ ಬೆಳಗಾವಿ-ಧಾರವಾಡಗಳಿಗೂ ಬೇಟೆ ಪರವಾನಗಿ ತಂದಿತು. 1972ರ ವನ್ಯಜೀವಿ ಕಾಯ್ದೆ ಬಾತುಗಳನ್ನು ನಾಲ್ಕನೇ ಅನುಸೂಚಿಗೆ ಹಾಕಿ, ಪರವಾನಗಿ ಪಡೆದವರಿಗೆ ಬೇಟೆಯ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಬಾತಿಗೆ ಯಾವ ಕೋವಿ ಎಂಬ ಪ್ರಶ್ನೆಗೆ ಭಾರತದಲ್ಲಿ ಅಂದಿನಿಂದ ಕಾನೂನಿನ ಉತ್ತರ ಒಂದೇ: ಯಾವುದೂ ಇಲ್ಲ.

ಅದೇ 1991ರಲ್ಲಿ ಅಮೆರಿಕ ಬಾತಿನ ಬೇಟೆಗೆ ಸೀಸದ ಚರೆಯನ್ನು ದೇಶದಾದ್ಯಂತ ನಿಲ್ಲಿಸಿತು. ಗುರಿ ತಪ್ಪಿದ ಕಾಳುಗಳು ಕೆರೆಯ ತಳದಲ್ಲಿ ಕೂರುತ್ತವೆ. ಕಾಳು ಅರೆಯಲು ಸಣ್ಣ ಕಲ್ಲು ನುಂಗುವ ಬಾತು ಅವನ್ನೂ ನುಂಗುತ್ತದೆ. ಹೊಟ್ಟೆಯಲ್ಲಿ ಸೀಸ ಸವೆದು ರಕ್ತ ಸೇರಿ ಹಕ್ಕಿ ನಿಧಾನವಾಗಿ ಸಾಯುತ್ತದೆ. ಯುರೋಪ್ ಒಕ್ಕೂಟ ಜವುಗು ಪ್ರದೇಶಗಳಲ್ಲಿ ಇದನ್ನು ನಿಷೇಧಿಸಿದ್ದು 2023ರಲ್ಲಿ. ಅಲ್ಲಿ ಬೇಟೆ ಉಳಿಯಿತು, ಗೋಲಿ ಬದಲಾಯಿತು. ಇಲ್ಲಿ ಗೋಲಿ ಉಳಿಯಿತು, ಬೇಟೆ ನಿಂತಿತು.

ಕೋವಿ ಉಳಿದಿದೆ

ಕೋವಿಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಬೆಳೆ ಕಾಯಲು, ಆತ್ಮರಕ್ಷಣೆಗೆ, ಅಜ್ಜನ ನೆನಪಿಗೆ ಎಂದು ಅವು ಮನೆಗಳಲ್ಲೇ ಇವೆ. ಪ್ರತಿ ಚುನಾವಣೆಗೂ ಮಲೆನಾಡಿನ ರೈತ ಅದನ್ನು ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸುತ್ತಾನೆ, ಮತ ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ವಾಪಸು ತರುತ್ತಾನೆ. ಅವನು ಠಾಣೆಯಲ್ಲಿದ್ದ ವಾರಗಳಲ್ಲಿ ಹಂದಿ ಗದ್ದೆಗೆ ಇಳಿದರೆ ತಗಡು ಬಡಿಯಬೇಕು. ಖಡ್ಕಿಯ ಕಾರ್ಖಾನೆ 2021ರ ಅಕ್ಟೋಬರಿನಿಂದ ಪುಣೆಯಲ್ಲೇ ಮುಖ್ಯ ಕಚೇರಿಯಿರುವ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಭಾಗ. ಪರವಾನಗಿ ಪುಸ್ತಕದಲ್ಲಿ ತೋಟೆಯ ಅಂಕಣ ಹಾಗೆಯೇ ಇದೆ.

ಇನ್ನು ಬಾತುಗಳು. ಪುಣೆಯ ಮುಳಾ-ಮುಠಾ ಹೋಗಿ ಸೇರುವ ಭೀಮಾ ನದಿಗೆ ಉಜನಿಯಲ್ಲಿ ಅಣೆಕಟ್ಟು ಮುಗಿದದ್ದು 1980ರಲ್ಲಿ. ಪುಣೆಯಿಂದ ಸೊಲ್ಲಾಪುರದ ದಾರಿಯಲ್ಲಿ ಭಿಗವಣದ ಸುತ್ತ ಅದರ ಹಿನ್ನೀರು ಹೊಲಗಳ ಮೇಲೆ ತೆಳ್ಳಗೆ ಹರಡಿತು. ಆ ಭಾಗದಲ್ಲಿ ನೀರ ಹಕ್ಕಿಗಳಿಗೆ ಅಷ್ಟು ದೊಡ್ಡ ನೆಲೆ ಹಿಂದೆಂದೂ ಇರಲಿಲ್ಲ. ಅದು ಬಂದಾಗ ಕೋವಿಯ ಕಾಲ ಮುಗಿಯುತ್ತಿತ್ತು. ಈಗ ಚಳಿಗಾಲದ ಬೆಳಗ್ಗೆ ಅಲ್ಲಿನ ಮೀನುಗಾರರು ಕ್ಯಾಮೆರಾದವರನ್ನು ದೋಣಿಯಲ್ಲಿ ಕೂರಿಸಿಕೊಂಡು ರಾಜಹಂಸಗಳ ಹತ್ತಿರಕ್ಕೆ ಹೋಗುತ್ತಾರೆ. ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ದಡದ ಹೊಲದಲ್ಲಿ ಮೇಯುತ್ತಿರುತ್ತವೆ. ಅದೇ ಜಾತಿಯ ಹಿಂಡುಗಳು ಇನ್ನೂ ತೆಂಕಣಕ್ಕೆ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿ ಸೇರಿತು.

ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸುವುದು ಹಕ್ಕಿಗಳಿಂದ ಸುಮಾರು ನಲವತ್ತು ಗಜ ದೂರದಲ್ಲಿ. ಇನ್ನೂ ಹತ್ತಿರ ಹೋದರೆ ಹಾರಿಹೋಗುತ್ತವೆ ಎನ್ನುತ್ತಾನೆ. ಹಿಂದೆ ಕೋವಿ ಹಿಡಿದವರು ಕಾಯುತ್ತಿದ್ದದ್ದೂ ಅಷ್ಟೇ ದೂರಕ್ಕೆ.